ಒಂದು ದಿನದ ಹಾದಿ: ಬೆಂಗಳೂರಿನ ವಿಹಾರಕ್ಕೂ ಒಂದು ಚರಿತ್ರೆಯಿದೆ

ದಸರೆಯ ರಜೆ ಬಂತೆಂದರೆ ಬೆಂಗಳೂರಿನ ಮಂದಿಗೆ ಊರಲ್ಲಿ ಕಾಲು ನಿಲ್ಲುವುದಿಲ್ಲ. ಮಹಾನವಮಿಯಿಂದ ದೀಪಾವಳಿಯವರೆಗಿನ ಆ ಸುಮಾರು ಮೂರು ವಾರಗಳಲ್ಲಿ ಬೆಳಗಾಗುವ ಮುಂಚೆಯೇ ಕಾರು, ಬೈಕು, ಬಸ್ಸುಗಳು ನೈಋತ್ಯ ದಿಕ್ಕಿಗೆ ಹರಿಯತೊಡಗುತ್ತವೆ. ಬಿಡದಿಯಲ್ಲಿ ತಟ್ಟೆ ಇಡ್ಲಿ, ರಾಮನಗರದಲ್ಲಿ ಬೆಟ್ಟ, ಚನ್ನಪಟ್ಟಣದಲ್ಲಿ ಗೊಂಬೆ. ಬೇರೆ ದಾರಿ ಹಿಡಿದವರಿಗೆ ಮಾಗಡಿಯ ಸಾವನದುರ್ಗ, ಕನಕಪುರದ ಸಂಗಮ, ಮೇಕೆದಾಟು. ಎಲ್ಲವೂ ನಗರದಿಂದ ಸುಮಾರು ನೂರು ಕಿಲೋಮೀಟರಿನೊಳಗೆ. ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರಬಹುದು.

ನಮ್ಮ ಕಡೆಯ ಶರದೃತುವಿಗೆ ಪುಸ್ತಕಗಳಲ್ಲಿ ಬರುವ ಎಲೆ ಉದುರುವ ಚಿತ್ರ ಒಪ್ಪುವುದಿಲ್ಲ. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಈ ಸೀಮೆಗೆ ಚೆನ್ನಾಗಿಯೇ ಸುರಿಯುತ್ತವೆ. ಕೆರೆಗಳು ತುಂಬುತ್ತವೆ, ರಾಗಿ ತೆನೆ ಕಟ್ಟುತ್ತದೆ, ಬಂಡೆಗಳ ಸಂದಿಯಲ್ಲೆಲ್ಲಾ ಹಸಿರು. ರಸ್ತೆ ಬದಿಯಲ್ಲಿ ಸೀತಾಫಲದ ಬುಟ್ಟಿಗಳು ಕಾಣಿಸಿಕೊಳ್ಳುತ್ತವೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಮಾಗಡಿ, ಕನಕಪುರಗಳ ಕಡೆಯಿಂದ ಕಡಲೆಕಾಯಿ ಹೊರಡುತ್ತದೆ. ಅಂದರೆ ಆಗ ಹಳ್ಳಿಯೇ ನಗರಕ್ಕೆ ಒಂದು ದಿನದ ಪ್ರವಾಸ ಬರುತ್ತದೆ ಎನ್ನಬಹುದು.

'ಪಿಕ್ನಿಕ್' ಎಂಬ ಪದ ಬರುವ ಮೊದಲು ನಮ್ಮ ಜನ ಮನೆಬಿಟ್ಟು ಹೋಗುತ್ತಿರಲಿಲ್ಲವೆಂದಲ್ಲ. ಹೋಗುತ್ತಿದ್ದುದು ಜಾತ್ರೆಗೆ, ಉರುಸಿಗೆ, ಸಂತೆಗೆ, ನೆಂಟರ ಮನೆಗೆ. ಹರಕೆ ಒಪ್ಪಿಸುವುದು, ಬಳೆ ಕೊಳ್ಳುವುದು, ಮರದ ನೆರಳಲ್ಲಿ ಬುತ್ತಿ ಬಿಚ್ಚುವುದು, ಹೆಣ್ಣುಗಂಡು ನೋಡುವುದು ಎಲ್ಲವೂ ಒಂದೇ ಪಯಣದಲ್ಲಿ ಮುಗಿಯುತ್ತಿತ್ತು. ಮಾಗಡಿಯ ತಿರುಮಲೆಯ ರಂಗನಾಥ, ಕನಕಪುರ ಸೀಮೆಯ ಕಬ್ಬಾಳಮ್ಮ, ಚನ್ನಪಟ್ಟಣದ ಬಳಿಯ ಕೆಂಗಲ್ ಆಂಜನೇಯ ಇವೆಲ್ಲ ಅಂಥ ತಾಣಗಳು. ಚನ್ನಪಟ್ಟಣದ ಅಖಿಲ್ ಶಾ ಖಾದ್ರಿಯವರ ದರ್ಗಾವೂ ಅಂಥದ್ದೇ. ಅವರು ಟಿಪ್ಪು ಸುಲ್ತಾನರ ಧಾರ್ಮಿಕ ಗುರುಗಳಾಗಿದ್ದರೆಂದು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಉರುಸಿನ ಆಚರಣೆಗಳ ಬಗ್ಗೆ ಮುಸ್ಲಿಮರೊಳಗೇ ಭಿನ್ನಾಭಿಪ್ರಾಯಗಳಿವೆ. ಆ ಚರ್ಚೆ ಇಲ್ಲಿ ಬೇಡ. ಚರಿತ್ರೆಯ ದೃಷ್ಟಿಯಿಂದ ಗಮನಿಸಬೇಕಾದದ್ದು ಇಷ್ಟು: ಉರುಸು ಚಾಂದ್ರಮಾನದ ತಿಂಗಳನ್ನು ಅನುಸರಿಸುವುದರಿಂದ ಒಂದು ಋತುವಿಗೆ ಕಟ್ಟುಬೀಳುವುದಿಲ್ಲ, ಸುಮಾರು ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಜಾತ್ರೆ ಮಾತ್ರ ಸುಗ್ಗಿ, ಬಿತ್ತನೆಗಳ ಲೆಕ್ಕದಲ್ಲಿ ನಿಂತಲ್ಲೇ ನಿಲ್ಲುತ್ತದೆ. ಈ ಎರಡು ಲೆಕ್ಕಗಳ ನಡುವೆ ಬಳೆಗಾರ, ಬತ್ತಾಸಿನವ, ಗೊಂಬೆಯವ ವರ್ಷವಿಡೀ ಜೀವನ ಸಾಗಿಸುತ್ತಿದ್ದ.

ಸೈನ್ಯದ ಜೊತೆ ಬಂದ ಚಿತ್ರಕಾರರು

'ನೋಟ ಚೆನ್ನಾಗಿದೆ' ಎಂಬ ಒಂದೇ ಕಾರಣಕ್ಕೆ ಈ ಬೆಟ್ಟಗಳನ್ನು ನಿಂತು ನೋಡಿ, ಅದನ್ನು ಕಾಗದಕ್ಕಿಳಿಸಿದ ಮೊದಲಿಗರಲ್ಲಿ ಕೆಲವರು ದಂಡಿನ ಜೊತೆ ಬಂದವರು ಎಂಬುದು ವಿಚಿತ್ರವಾದರೂ ನಿಜ. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್ 1791ರ ಮೇ ತಿಂಗಳಲ್ಲಿ ಕಾನಕಾನಹಳ್ಳಿಯ, ಎಂದರೆ ಈಗಿನ ಕನಕಪುರದ, ದಾರಿಯಾಗಿ ಶ್ರೀರಂಗಪಟ್ಟಣದ ಕಡೆ ನಡೆದ. ಶತ್ರುವಿಗೆ ಮೇವು, ಕಾಳು, ನೆರಳು ಯಾವುದೂ ಸಿಗಬಾರದೆಂದು ಟಿಪ್ಪು ದಾರಿಯ ಸೀಮೆಯನ್ನು ಖಾಲಿ ಮಾಡಿಸಿದ್ದ. ಕಾನಕಾನಹಳ್ಳಿ ಹೀಗೆ ಎರಡು ಸಲ ಸುಟ್ಟಿತು. ಯುದ್ಧತಂತ್ರವಾಗಿ ಅದು ಫಲ ಕೊಟ್ಟಿತು. ಎತ್ತುಗಳು ಸತ್ತು, ಮಳೆ ಹಿಡಿದು, ಕಾರ್ನ್‌ವಾಲಿಸ್ ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಮನೆ ಕಳೆದುಕೊಂಡ ರೈತನಿಗೆ ಬೆಂಕಿ ಹಚ್ಚಿದವರು ಯಾರಾದರೇನು? ಟಿಪ್ಪುವಿನ ಬಗ್ಗೆ ಬರೆಯುವ ಅಭಿಮಾನಿಗಳು ಈ ಮಾತನ್ನು ಬಿಟ್ಟುಬಿಡುತ್ತಾರೆ, ವಿರೋಧಿಗಳು ಇದೊಂದನ್ನೇ ಹಿಡಿದುಕೊಳ್ಳುತ್ತಾರೆ.

ಅದೇ ವರ್ಷ ಡಿಸೆಂಬರ್ 21ರಂದು ಸಾವನದುರ್ಗ ಬಿದ್ದಿತು. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಈ ಒಂಟಿ ಬಂಡೆಯ ಕೋಟೆಯನ್ನು ಯಾರೂ ಗೆಲ್ಲಲಾರರೆಂಬ ನಂಬಿಕೆಯಿತ್ತು. ಬೆಂಗಳೂರನ್ನು 1638ರಲ್ಲಿ ಬಿಜಾಪುರದ ರಣದುಲ್ಲಾಖಾನನಿಗೆ ಬಿಟ್ಟುಕೊಟ್ಟ ಮೇಲೆ ಕೆಂಪೇಗೌಡನ ಮನೆತನ ಮಾಗಡಿಯಲ್ಲಿ ನೆಲೆನಿಂತು ಈ ದುರ್ಗವನ್ನೇ ನೆಚ್ಚಿಕೊಂಡಿತ್ತು. 1728ರಲ್ಲಿ ಮೈಸೂರಿನ ದಳವಾಯಿ ಅದನ್ನು ವಶಪಡಿಸಿಕೊಂಡಾಗ ಆ ಮನೆತನದ ಕೊನೆಯ ದೊರೆ ಶ್ರೀರಂಗಪಟ್ಟಣದ ಸೆರೆಯಲ್ಲಿ ಕಣ್ಣುಮುಚ್ಚಿದ. 1791ರಲ್ಲಿ ಇಂಗ್ಲಿಷರ ಸರದಿ. ಮುಂದಿನ ಕೆಲವೇ ದಿನಗಳಲ್ಲಿ ರಾಮಗಿರಿ, ಶಿವನಗಿರಿ, ಹುತ್ರಿದುರ್ಗಗಳೂ ಅವರ ಕೈಸೇರಿದವು. ರಾಬರ್ಟ್ ಹೋಮ್ ಎಂಬ ಚಿತ್ರಕಾರ ಕಾರ್ನ್‌ವಾಲಿಸನ ಸೈನ್ಯದ ಜೊತೆಗಿದ್ದ. ಅವನು ಬರೆದ ಮೈಸೂರು ಸೀಮೆಯ ದೃಶ್ಯಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಅಲೆಕ್ಸಾಂಡರ್ ಅಲನ್, ಕೋಲ್‌ಬ್ರೂಕ್ ಮೊದಲಾದ ಸೈನ್ಯಾಧಿಕಾರಿಗಳೂ ಹೀಗೆಯೇ ಚಿತ್ರ ಬರೆದು ಪ್ರಕಟಿಸಿದರು. ಲಂಡನ್ನಿನ ಬೈಠಕ್‌ಖಾನೆಗಳಲ್ಲಿ ಜನ ನಮ್ಮ ಬಂಡೆಗಳನ್ನು ಮೆಚ್ಚಿಕೊಂಡರು. ಇಂದು ಸಾವನದುರ್ಗದ ನೆತ್ತಿಯಲ್ಲಿ ನಿಂತು ಫೋಟೋ ತೆಗೆದುಕೊಳ್ಳುವವರು ತಿಳಿಯದೆಯೇ ಆ ಸೈನಿಕರ ಕಣ್ಣಿನಿಂದಲೇ ನೋಡುತ್ತಿರುತ್ತಾರೆ. ಬೆಟ್ಟದ ಬುಡದಲ್ಲಿ ವೀರಭದ್ರ, ನರಸಿಂಹಸ್ವಾಮಿಯರ ಗುಡಿಗಳ ಜೊತೆಗೆ ಸೈಯದ್ ಗುಲಾಂ ಖಾದ್ರಿಯವರ ಹೆಸರಿನ ತಾಣವೂ ಇದೆ. ಅಲ್ಲಿಗೆ ಬರುವವರ ನೋಟ ಬೇರೆ.

ಕನಕಪುರದ ಕಬ್ಬಾಳದುರ್ಗದ ಕಥೆ ಇನ್ನೂ ಕಠೋರ. ಟಿಪ್ಪುವಿನ ಕಾಲದಲ್ಲಿ ಜಫರಾಬಾದ್ ಎಂದು ಹೆಸರಾಗಿದ್ದ ಈ ಬೆಟ್ಟವನ್ನು ಹಿಂದೂ ಅರಸರೂ ಮುಸ್ಲಿಮ್ ಅರಸರೂ ಸೆರೆಮನೆಯಾಗಿ ಬಳಸಿದರು. ಈಗ ಯುವಕರು ಬೆಳಗಿನ ಜಾವ ಟಾರ್ಚು ಹಿಡಿದು ಅಲ್ಲಿಗೆ ಚಾರಣ ಹೋಗುತ್ತಾರೆ. ಒಂದು ಕಾಲದಲ್ಲಿ ಆ ಬೆಟ್ಟ ಹತ್ತಿಸಲಾದವರಿಗೆ ಇಳಿಯುವ ಭರವಸೆ ಇರುತ್ತಿರಲಿಲ್ಲ.

ರಸ್ತೆಗಾಗಿ ಹುಟ್ಟಿದ ಊರು, ಬರಗಾಲದಲ್ಲಿ ಕಟ್ಟಿದ ರೈಲು

ರಾಮನಗರ ಊರು ಹುಟ್ಟಿದ್ದೇ ದಾರಿಹೋಕರ ಸಲುವಾಗಿ. ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್ ಎನ್ನಿಸಿಕೊಂಡಿದ್ದ ಈ ಎಡೆಯಲ್ಲಿ ಕಾಡು ದಟ್ಟವಾಗಿತ್ತು. ಬೆಂಗಳೂರು–ಶ್ರೀರಂಗಪಟ್ಟಣದ ಹೆದ್ದಾರಿ ಸುರಕ್ಷಿತವಾಗಿರಲೆಂದು ದಿವಾನ್ ಪೂರ್ಣಯ್ಯ 1800ರಲ್ಲಿ ಇಲ್ಲಿ ಪೇಟೆ ಕಟ್ಟಿಸಿ, ಆಗಿನ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿಟ್ಟರು. ಹಾಗಾಗಿ ಅದು ಕ್ಲೋಸ್‌ಪೇಟೆ. ಕೆಂಗಲ್ ಹನುಮಂತಯ್ಯನವರು ಅದನ್ನು ರಾಮನಗರವಾಗಿಸಿದರು. ಆದರೂ ಸುಮಾರು 250 ಕೋಟಿ ವರ್ಷ ಹಳೆಯದಾದ ಇಲ್ಲಿಯ ಶಿಲೆಗೆ ಭೂವಿಜ್ಞಾನಿಗಳು ಇಂದಿಗೂ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದೇ ಹೇಳುತ್ತಾರೆ. 2007ರ ಆಗಸ್ಟಿನಲ್ಲಿ ಈ ನಾಲ್ಕು ತಾಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂಬ ಹೆಸರನ್ನು ಒಪ್ಪಿತು. ಶಂಶೇರಾಬಾದ್, ಕ್ಲೋಸ್‌ಪೇಟೆ, ರಾಮನಗರ, ಈಗ ಬೆಂಗಳೂರು ದಕ್ಷಿಣ: ಯಾರ ಕೈ ಮೇಲಿತ್ತೆಂಬುದನ್ನು ಹೆಸರುಗಳೇ ಹೇಳುತ್ತವೆ. ವಿಹಾರಕ್ಕೆ ಬರುತ್ತಿದ್ದ ನಗರವೇ ಈಗ ಬೋರ್ಡಿನ ಮೇಲೆ ಬಂದು ಕೂತಿದೆ.

1800ರಲ್ಲೇ ಫ್ರಾನ್ಸಿಸ್ ಬುಕಾನನ್ ಈ ದಾರಿಯಲ್ಲಿ ಹಾದುಹೋದ. ಟಿಪ್ಪುವಿನ ಪತನದ ನಂತರ ಕೈಗೆ ಬಂದ ಸೀಮೆಯಲ್ಲಿ ಏನೇನು ಬೆಳೆಯುತ್ತದೆ, ಏನೇನು ತಯಾರಾಗುತ್ತದೆ ಎಂದು ಪಟ್ಟಿ ಮಾಡಲು ಕಂಪೆನಿ ಸರಕಾರ ಅವನನ್ನು ಕಳುಹಿಸಿತ್ತು. ಚನ್ನಪಟ್ಟಣದಲ್ಲಿ ಅವನ ಕಣ್ಣಿಗೆ ಬಿದ್ದವು ಗಾಜಿನ ಬಳೆ ಮತ್ತು ಸಂಗೀತ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ. ಇಲ್ಲಿಯ ತಂತಿ ದೇಶದ ದೂರದೂರದ ಊರುಗಳಿಗೆ ಹೋಗುತ್ತಿತ್ತು. ಎಲ್ಲೋ ನುಡಿದ ವೀಣೆಯ ನಾದ ಚನ್ನಪಟ್ಟಣದ ಕುಲುಮೆಯಿಂದ ಹೊರಟದ್ದಾಗಿರಬಹುದು ಎಂದುಕೊಳ್ಳುವುದು ಇಂದಿಗೂ ಸಂತೋಷದ ಸಂಗತಿ. ಕೋಟೆಯ ಈಶಾನ್ಯಕ್ಕಿರುವ ಶುಕ್ರವಾರಪೇಟೆ ಕುಶಲಕರ್ಮಿಗಳ ಬೀಡು. ಅಲ್ಲಿ ಲಬ್ಬೆ ಮತ್ತು ದಾಯಿರಾ ಮುಸ್ಲಿಮರು ಹೆಚ್ಚಿನ ಸಂಖ್ಯೆಯಲ್ಲಿದ್ದು ಪಶ್ಚಿಮ ಕರಾವಳಿಯೊಡನೆ ವ್ಯಾಪಾರ ನಡೆಸುತ್ತಿದ್ದರೆಂದು ಗೆಜೆಟಿಯರ್ ಹೇಳುತ್ತದೆ.

ನಗರದ ಸಾಮಾನ್ಯರಿಗೆ ಈ ಹಾದಿಯನ್ನು ತೆರೆದದ್ದು ರೈಲು. 1876–78ರ ಘೋರ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಜನ ಲಕ್ಷಗಟ್ಟಲೆ ಸತ್ತರು. ಹಸಿದವರಿಗೆ ಕೂಲಿ ಕೊಡುವ ಪರಿಹಾರ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ಮೀಟರ್‌ಗೇಜ್ ಹಳಿಯ ಕೆಲಸ ಕೈಗೆತ್ತಿಕೊಳ್ಳಲಾಯಿತು. 1881–82ರಲ್ಲಿ ತುಂಡುತುಂಡಾಗಿ ಸಂಚಾರ ಶುರುವಾಯಿತು. ಮೈಸೂರಿನ ದಸರೆ, ವಸ್ತುಪ್ರದರ್ಶನಗಳಿಗೆ ಹೋಗುವ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಈ ರೈಲು ಹತ್ತಿದವು. ಎತ್ತಿನ ಗಾಡಿಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ದಾರಿ ಗಂಟೆಗಳಿಗೆ ಇಳಿಯಿತು. ಹಬ್ಬದ ಸಡಗರದಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳವಾಡಿದ ಮಕ್ಕಳ ಕೆಳಗಿದ್ದ ಮಣ್ಣಿನ ಏರಿಯನ್ನು ಹೊತ್ತು ಹಾಕಿದ್ದು ಗಂಜಿಗಾಗಿ ಬಂದ ಜನ.

ಊಟದ ಮಾತು

ಪ್ರಯಾಣ ಎಂದ ಮೇಲೆ ಹೊಟ್ಟೆಯ ಚಿಂತೆ ಇದ್ದೇ ಇದೆ. ಹಿಂದೆ ಛತ್ರಗಳಿದ್ದವು, ಮುಸಾಫಿರಖಾನೆಗಳಿದ್ದವು. ಯಾರು ಎಲ್ಲಿ ಉಣ್ಣಬಹುದೆಂಬುದನ್ನು ಜಾತಿ ಧರ್ಮಗಳು ತೀರ್ಮಾನಿಸುತ್ತಿದ್ದವು. ಹಾಗಾಗಿ ಬುತ್ತಿಯೇ ಎಲ್ಲರಿಗೂ ಕ್ಷೇಮ. ಒಂದೇ ಬೆಂಚಿನ ಮೇಲೆ ಎಲ್ಲರನ್ನೂ ಕೂರಿಸಿದ್ದು ಹೋಟೆಲು. ಈ ಸಾಮಾಜಿಕ ಕ್ರಾಂತಿಗೆ ಯಾರೂ ಜಯಂತಿ ಆಚರಿಸುವುದಿಲ್ಲ. ಬಿಡದಿಯ ತಟ್ಟೆ ಇಡ್ಲಿಯನ್ನೇ ನೋಡಿ: ತಟ್ಟೆಯಷ್ಟೇ ಅಗಲ, ಮೇಲೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಅದನ್ನು ತಿನ್ನಲು ನಿಂತಲ್ಲಿ ಯಾರ ಮನೆತನ ಯಾವುದೆಂದು ಯಾರೂ ಕೇಳುವುದಿಲ್ಲ. ಅಲ್ಲಿಂದ ಮುಂದೆ, ಈ ನಾಲ್ಕು ತಾಲೂಕುಗಳ ಎಲ್ಲೆ ದಾಟಿದರೆ, ಮದ್ದೂರಿನ ವಡೆ.

ಆದರೆ ಈ ಸೀಮೆಯ ನಿಜವಾದ ಊಟ ರಾಗಿಮುದ್ದೆ. ಕನಕಪುರ, ಮಾಗಡಿಯ ಕಡೆ ಅದರ ಜೊತೆಗೆ ಸೊಪ್ಪಿನ ಬಸ್ಸಾರು, ಇಲ್ಲವೆ ನಾಟಿಕೋಳಿ ಸಾರು. ರಾಮನಗರ, ಚನ್ನಪಟ್ಟಣಗಳ ಮುಸ್ಲಿಮ್ ಮನೆಗಳಲ್ಲೂ ಮುದ್ದೆ ಪರಕೀಯವಲ್ಲ. ಬಿರಿಯಾನಿ ಹಬ್ಬಕ್ಕೆ, ಮದುವೆಗೆ. ದುಡಿಯುವ ದಿನದ ಹೊಟ್ಟೆಗೆ ಮುದ್ದೆಯೇ. ನಗರದಿಂದ ಬಂದವರು ಹೆದ್ದಾರಿ ಬದಿಯಲ್ಲಿ ಇವೆರಡನ್ನೂ 'ಹಿಂದೂ ಊಟ', 'ಮುಸ್ಲಿಮ್ ಊಟ' ಎಂದು ವಿಂಗಡಿಸಿ ನೋಡುವುದುಂಟು. ಅಡಿಗೆಮನೆ ಆ ವಿಂಗಡಣೆಯನ್ನು ಒಪ್ಪುವುದಿಲ್ಲ. ಒಂದೇ ಹೊಲದ ರಾಗಿ, ಒಂದೇ ಸಂತೆಯ ಮೆಣಸಿನಕಾಯಿ.

ಹೆದ್ದಾರಿಯ ಊಟಕ್ಕೆ ನೋಟವನ್ನೂ ಜೋಡಿಸಿದವರು ಎಚ್.ಎಲ್. ನಾಗೇಗೌಡರು. ಐಎಎಸ್ ಅಧಿಕಾರಿಯಾಗಿದ್ದ ಅವರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದರು. ಒನಕೆ, ಬೀಸುಕಲ್ಲು, ಮೀನಿನ ಬುಟ್ಟಿ, ತೊಗಲುಬೊಂಬೆಗಳು ಅಲ್ಲಿ ವಸ್ತುಸಂಗ್ರಹಾಲಯದ ಗೌರವ ಪಡೆದವು. ಮಕ್ಕಳನ್ನು ಕರೆದುಕೊಂಡು ಹೋಗಲು ಇಷ್ಟು ಯೋಗ್ಯವಾದ ಜಾಗ ಈ ದಾರಿಯಲ್ಲಿ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ದಸರೆಯ ಮೆಟ್ಟಿಲು, ಮುಸ್ಲಿಮನ ಚರಕಿ

ಹಳೆಯ ಮೈಸೂರಿನ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವುದು ಮುಖ್ಯ ಆಚರಣೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ–ರಾಣಿ, ಕೆಳಗೆ ದೇವರು, ಸೈನಿಕರು, ಶೆಟ್ಟರ ಅಂಗಡಿ, ಮದುವೆಯ ದಿಬ್ಬಣ. ಕೆಳ ಮೆಟ್ಟಿಲುಗಳ ಆ ಲೋಕವನ್ನು ತುಂಬಿದ್ದರಲ್ಲಿ ಚನ್ನಪಟ್ಟಣದ ಪಾಲು ದೊಡ್ಡದು. ಆ ಗೊಂಬೆಗಳನ್ನು ಕಡೆದವರಲ್ಲಿ ಬಹಳ ಮಂದಿ ಮುಸ್ಲಿಮರು. ಈ ಮಾತನ್ನು ಯಾರೂ ವಿಶೇಷವೆಂದು ಹೇಳುತ್ತಿರಲಿಲ್ಲ. ವಿಶೇಷವೆಂದು ಹೇಳಬೇಕಾಗಿ ಬಂದಿರುವುದು ಈಗ.

ಕೆಲಸದ ಕ್ರಮ ಸರಳ, ಕೈ ಮಾತ್ರ ಪಳಗಿರಬೇಕು. ಹಾಲಿನ ಬಣ್ಣದ ಆಲೆಮರವನ್ನು ಒಣಗಿಸಿ ತುಂಡುಮಾಡಿ ಚರಕಿಗೆ ಸಿಕ್ಕಿಸುತ್ತಾರೆ. ತಿರುಗುವ ಮರಕ್ಕೆ ಉಳಿ ಒತ್ತಿದಾಗ ಆಕಾರ ಬರುತ್ತದೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಒಣಗಿದ ಗರಿಯಿಂದ ಉಜ್ಜಿದರೆ ಹೊಳಪು. ಮಗು ಬಾಯಿಗೆ ಹಾಕಿಕೊಂಡರೂ ಭಯವಿಲ್ಲದ ಬಣ್ಣ ಎಂಬುದು ಈ ಗೊಂಬೆಗಳ ಹಳೆಯ ಹೆಗ್ಗಳಿಕೆ.

ಟಿಪ್ಪು ಪರ್ಷಿಯಾದಿಂದ ಕುಶಲಿಗಳನ್ನು ಕರೆಸಿ ಈ ಕಲೆ ಕಲಿಸಿದನೆಂದು ಪ್ರತಿ ಅಂಗಡಿಯಲ್ಲೂ ಹೇಳುತ್ತಾರೆ. ಇದು ಜನಶ್ರುತಿ. ಆಟಿಕೆಗಳ ಇಂದಿನ ರೂಪಕ್ಕೆ ಸಂಬಂಧಿಸಿ ಊರು ನೆನೆಯುವ ಹೆಸರು ಬಾವಾಸ್ ಮಿಯಾ ಅವರದು. ಜಪಾನಿನ ಅರಗಿನ ಕೆಲಸದ ವಿಧಾನವನ್ನು ಇಲ್ಲಿಯ ಚರಕಿಗೆ ಅಳವಡಿಸಿ, ಕಲಿತದ್ದನ್ನು ಇತರರಿಗೂ ಕಲಿಸಿದರೆಂದು ಅವರನ್ನು ಚನ್ನಪಟ್ಟಣದ ಗೊಂಬೆಯ ಪಿತಾಮಹ ಎನ್ನುತ್ತಾರೆ. ಟಿಪ್ಪುವಿಗೆ ಪ್ರತಿಮೆಯೂ ವಿವಾದವೂ ಎರಡೂ ದಕ್ಕಿವೆ. ಕೈಕೆಲಸ ಕಲಿಸಿದ ಮನುಷ್ಯನಿಗೆ ಅಂಗಡಿಯವರ ನೆನಪೇ ಗತಿ.

ರೇಷ್ಮೆಯ ವಿಷಯದಲ್ಲಿ ಮಾತ್ರ ಟಿಪ್ಪುವಿನ ಪಾತ್ರಕ್ಕೆ ಕಾಗದದ ಆಧಾರವೇ ಇದೆ. ರೇಷ್ಮೆಹುಳು ತರಲು ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರನ್ನು ಬಂಗಾಳಕ್ಕೆ ಕಳುಹಿಸಿದ್ದರ ಬಗ್ಗೆ 1786ರ ಅವನ ಪತ್ರವಿದೆ. ಅವರು ತರುವ ಹುಳುಗಳನ್ನು ಸಾಕಲು ತಕ್ಕ ಜಾಗ ನೋಡುವಂತೆ ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಆಜ್ಞೆ ಹೋಯಿತು. ಆ ಎರಡು ಹೆಸರುಗಳು ಒಟ್ಟಿಗೆ ಪ್ರಯಾಣ ಮಾಡಿದಂತೆಯೇ ಇಂದಿನ ರಾಮನಗರದ ಗೂಡಿನ ಮಾರುಕಟ್ಟೆಯೂ ನಡೆಯುತ್ತದೆ. ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು ಹೆಚ್ಚಾಗಿ ಒಕ್ಕಲಿಗರು ಮತ್ತಿತರ ರೈತರು. ಗೂಡು ಕೊಂಡು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವವರಲ್ಲಿ ಹೆಚ್ಚಿನವರು ಮುಸ್ಲಿಮರು. ಒಬ್ಬರ ಬೆಲೆ ಬಿದ್ದರೆ ಇನ್ನೊಬ್ಬರ ಒಲೆ ಆರುತ್ತದೆ. ಬೆಟ್ಟ ನೋಡಲು ಬಂದವರು ಬೆಳಿಗ್ಗೆ ಒಂದು ಗಂಟೆ ಈ ಮಾರುಕಟ್ಟೆಗೂ ಹೋಗಿಬಂದರೆ, ನಾಡಿನ ಬಗ್ಗೆ ಭಾಷಣಗಳಿಂದ ತಿಳಿಯದ್ದು ತಿಳಿಯುತ್ತದೆ.

2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳು ಅಂಗಡಿ ಹಾಕಬಾರದೆಂಬ ಫಲಕಗಳು ಎದ್ದವು. ಆ ಗಾಳಿ ಘಟ್ಟ ಹತ್ತಿ ಬಂದಾಗ ಚನ್ನಪಟ್ಟಣದ ಚರಕಿಗಳ ಮುಂದೆ ಕೂತವರಿಗೆ ಏನನ್ನಿಸಿರಬಹುದು? ಜಾತ್ರೆ ಇಲ್ಲದೆ ಗೊಂಬೆಯಿಲ್ಲ. ಗೊಂಬೆಯಿಲ್ಲದೆ ಜಾತ್ರೆಯಿಂದ ಮನೆಗೆ ಬರುವ ಮಗುವಿನ ಕೈಯಲ್ಲಿ ಏನಿರುತ್ತದೆ?

ಬೆಟ್ಟದ ಮೇಲೆ ಸಿನಿಮಾ

ರಾಮದೇವರ ಬೆಟ್ಟದ ಬಂಡೆಗಳಿಗೆ ಅಖಿಲ ಭಾರತ ಖ್ಯಾತಿ ತಂದದ್ದು 'ಶೋಲೆ'. 1973ರ ಅಕ್ಟೋಬರಿನಲ್ಲಿ ಚಿತ್ರೀಕರಣ ಶುರುವಾಗಿ, 1975ರ ಆಗಸ್ಟ್ 15ರಂದು ಚಿತ್ರ ಬಿಡುಗಡೆಯಾಯಿತು. ಗಬ್ಬರ್‌ಸಿಂಗನ ಬಂಡೆ ಯಾವುದೆಂದು ಕೇಳಿಕೊಂಡು ಜನ ಇಂದಿಗೂ ಬರುತ್ತಾರೆ. ಆ ಕಲ್ಪಿತ ರಾಮಗಢದಲ್ಲಿ ಗುಡಿಯ ಜೊತೆಗೆ ಮಸೀದಿಯೂ ಇತ್ತು, ಕಣ್ಣಿಲ್ಲದ ಇಮಾಮ್ ಸಾಹೇಬರೂ ಇದ್ದರು. ಮಗನ ಶವ ಊರಿಗೆ ಬಂದ ಹೊತ್ತಿನಲ್ಲಿ ಊರವರಿಗೆ ಧೈರ್ಯ ಹೇಳಿ ನಮಾಜಿಗೆ ಹೊರಡುವ ಆ ಮುದುಕನ ಪಾತ್ರವನ್ನು ಎ.ಕೆ. ಹಾನಗಲ್ ಮರೆಯಲಾಗದಂತೆ ಮಾಡಿದರು.

ಡೇವಿಡ್ ಲೀನನ 'ಎ ಪ್ಯಾಸೇಜ್ ಟು ಇಂಡಿಯಾ' (1984) ಇಲ್ಲಿಯ ಜನರಿಗೆ ಅಷ್ಟಾಗಿ ನೆನಪಿಲ್ಲ. ಆ ಚಿತ್ರದ ಮಾರಬಾರ್ ಗುಹೆಗಳಿಗಾಗಿ ಆರಿಸಿಕೊಂಡದ್ದು ಸಾವನದುರ್ಗ ಮತ್ತು ರಾಮನಗರದ ಬೆಟ್ಟಗಳನ್ನು. ಇ.ಎಂ. ಫಾರ್ಸ್ಟರ್ ತನ್ನ 1924ರ ಕಾದಂಬರಿಯನ್ನು ಗೆಳೆಯ ಸೈಯದ್ ರಾಸ್ ಮಸೂದ್‌ಗೆ, ಎಂದರೆ ಸರ್ ಸೈಯದ್ ಅಹ್ಮದ್ ಖಾನರ ಮೊಮ್ಮಗನಿಗೆ, ಅರ್ಪಿಸಿದ್ದ. ಅದರ ನಡುಮಧ್ಯೆ ಇರುವುದೇ ಒಂದು ದಿನದ ವಿಹಾರ. ಡಾಕ್ಟರ್ ಅಜೀಜ್ ಆತಿಥೇಯ. ಇಂಗ್ಲಿಷ್ ಹೆಂಗಸರು ಏನು ತಿನ್ನುತ್ತಾರೆ, ಬ್ರಾಹ್ಮಣ ಪ್ರೊಫೆಸರ್ ಏನನ್ನು ಮುಟ್ಟುವುದಿಲ್ಲ, ಯಾರಿಗೆ ಎಲ್ಲಿ ಅಡಿಗೆಯಾಗಬೇಕು ಎಂದು ಅವನು ರಾತ್ರಿಯಿಡೀ ತಲೆಕೆಡಿಸಿಕೊಳ್ಳುತ್ತಾನೆ, ಆನೆಯನ್ನೂ ತರಿಸುತ್ತಾನೆ. ಸಂಜೆಯ ಹೊತ್ತಿಗೆ ಅವನ ಮೇಲೆ ಮಾಡದ ಅಪರಾಧದ ಆರೋಪ. ನ್ಯಾಯಾಲಯದಲ್ಲಿ ಅದು ಬಿದ್ದುಹೋಗುತ್ತದೆ, ಗೆಳೆತನ ಮಾತ್ರ ಮೊದಲಿನಂತಾಗುವುದಿಲ್ಲ.

ಈಗ ರಾಮದೇವರ ಬೆಟ್ಟಕ್ಕೆ ಬೇರೊಂದು ಗುರುತಿದೆ. ಪಶುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಸತ್ತ ದನದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ ಅವುಗಳ ಸಂತತಿಯನ್ನೇ ಅಳಿಸಿತು. 2006ರಲ್ಲಿ ಪಶುಚಿಕಿತ್ಸೆಗೆ ಆ ಔಷಧಿಯ ಬಳಕೆ ನಿಷೇಧವಾಯಿತು. 2012ರಲ್ಲಿ ಸುಮಾರು 346 ಹೆಕ್ಟೇರಿನ ಈ ಬೆಟ್ಟಸಾಲು ರಣಹದ್ದು ಧಾಮವಾಯಿತು. ಶೋಲೆಯ ಗುಂಡಿನ ಸದ್ದಿಗೆ ಹೆದರದೆ ಉಳಿದ ಹಕ್ಕಿಗೆ ಒಂದು ಔಷಧಿ ಮುಳುವಾಯಿತು.

ಕನಕಪುರದ ಸಂಗಮದಲ್ಲಿ ಅರ್ಕಾವತಿ ಕಾವೇರಿಯನ್ನು ಸೇರುತ್ತದೆ. ಅಲ್ಲಿಂದ ಮೇಕೆದಾಟು ಸುಮಾರು ನಾಲ್ಕು ಕಿಲೋಮೀಟರ್. ಅಕ್ಟೋಬರಿನಲ್ಲಿ ನೀರು ಮೈದುಂಬಿರುತ್ತದೆ. ನೀರಿಗಿಳಿಯಬೇಡಿ ಎಂಬ ಫಲಕವನ್ನು ಲೆಕ್ಕಿಸದೆ ಪ್ರಾಣ ಕಳೆದುಕೊಂಡವರ ಸಂಖ್ಯೆ ಕಡಿಮೆಯಲ್ಲ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬೈರಮಂಗಲದ ಕೆರೆಯನ್ನು ಹಾದು ಕನಕಪುರ ಸೀಮೆಯಲ್ಲಿ ಅರ್ಕಾವತಿಯನ್ನು ಕೂಡಿಕೊಳ್ಳುತ್ತದೆ. ನಗರದ ಜನ ಭಾನುವಾರಕ್ಕೊಮ್ಮೆ ಬರುತ್ತಾರೆ, ನಗರದ ಹೊಲಸು ದಿನವೂ ಬರುತ್ತದೆ.

ಬದಿಗೆ ಬಿದ್ದ ರಸ್ತೆ

2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಉದ್ದ ಸುಮಾರು 118 ಕಿಲೋಮೀಟರ್. ಅದು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಒಳಗೆ ಹೋಗದೆ ಪಕ್ಕದಿಂದ ಹಾರಿಹೋಗುತ್ತದೆ. ರಾಮನಗರ ಮತ್ತು ಚನ್ನಪಟ್ಟಣದ ಬೈಪಾಸ್ ಒಂದೇ ಸುಮಾರು 22 ಕಿಲೋಮೀಟರ್. ಮೈಸೂರಿಗೆ ಹೋಗುವವರಿಗೆ ಗಂಟೆ ಉಳಿಯಿತು. ಅದೇ ವರ್ಷದ ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಂತಿತು. ಅಪಘಾತಗಳನ್ನು ನೋಡಿದರೆ ಅದು ಸರಿಯಾದ ಕ್ರಮವೇ.

ಹಳೆಯ ರಸ್ತೆಯ ಬದಿಯಲ್ಲಿ ಸಾಲಾಗಿದ್ದ ಗೊಂಬೆ ಅಂಗಡಿಗಳಿಗೆ, ಇಡ್ಲಿ ಹೋಟೆಲುಗಳಿಗೆ, ಎಳನೀರಿನವರಿಗೆ ಮಾತ್ರ ಗಿರಾಕಿಯೇ ಮಾಯವಾದ. ಗೊಂಬೆಯನ್ನು ಯಾರೂ ಮನೆಯಿಂದ ಪಟ್ಟಿ ಬರೆದುಕೊಂಡು ಕೊಳ್ಳಲು ಹೊರಡುವುದಿಲ್ಲ. ಕಾರು ನಿಧಾನವಾದಾಗ ಮಗು ಕಿಟಕಿಯಿಂದ ಬಣ್ಣದ ಕುದುರೆಯನ್ನು ನೋಡಬೇಕು, ಹಟ ಹಿಡಿಯಬೇಕು, ಅಪ್ಪ ಗೊಣಗುತ್ತಾ ಇಳಿಯಬೇಕು. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಆ ವ್ಯಾಪಾರ ಕುದುರುವುದಿಲ್ಲ. ಚೀನಾದ ಪ್ಲಾಸ್ಟಿಕ್ಕನ್ನು ತಾಳಿಕೊಂಡ ಕಸುಬಿದು. 2005–06ರ ಸಾಲಿನಲ್ಲಿ ಭೌಗೋಳಿಕ ಸೂಚಿಯ ರಕ್ಷಣೆ ಸಿಕ್ಕಿತು, 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇಕಡ 20ರಿಂದ 60ಕ್ಕೆ ಏರಿತು. ಕಾನೂನು ಹೊರದೇಶದ ಗೊಂಬೆಯನ್ನು ತಡೆಯಬಲ್ಲದು, ಸ್ವದೇಶದ ಕಾರನ್ನು ನಿಲ್ಲಿಸಲಾರದು.

ಹಳೆಯ ರಸ್ತೆ ಮುಚ್ಚಿಲ್ಲ. ಊರುಗಳ ನಡುವೆ ಅದು ಹಾಗೆಯೇ ಇದೆ, ಮೊದಲಿಗಿಂತ ಖಾಲಿಯಾಗಿದೆ, ಹೆದ್ದಾರಿಯ ಸುಂಕವೂ ಅಲ್ಲಿಲ್ಲ. ಬೈಕಿನವರೂ ಸಾರಿಗೆ ಬಸ್ಸಿನವರೂ ಅದರಲ್ಲೇ ಬರುತ್ತಾರೆ. ರೈಲಿಗೂ ಬಿಡದಿ, ರಾಮನಗರ, ಚನ್ನಪಟ್ಟಣಗಳಲ್ಲಿ ನಿಲ್ದಾಣಗಳಿವೆ. ದಸರೆಯ ರಜೆಯಲ್ಲಿ ಬೆಳಗಿನ ಗಾಡಿ ಹಿಡಿದು ಚನ್ನಪಟ್ಟಣದಲ್ಲಿ ಇಳಿದರೆ, ಚರಕಿ ತಿರುಗುವ ಓಣಿಗಳನ್ನು ಕಾಲ್ನಡಿಗೆಯಲ್ಲೇ ಸುತ್ತಿ, ಊಟ ಮುಗಿಸಿ ಸಂಜೆಯ ಗಾಡಿಗೆ ಹಿಂದಿರುಗಬಹುದು.